ಒಂದೇ ಪಿಚ್ಚರಿನಲ್ಲಿ ಎಂಟು ಸಲ ಸತ್ತವನು: ಅಲೆಕ್ ಗಿನ್ನೆಸ್ ಬಗ್ಗೆ ಒಂದು ಹರಟೆ

ಹಳೇಪ್ರೊಜೆಕ್ಟರ್

ಮೊನ್ನೆ ಭಾನುವಾರ ಮಗಳ ಮನೇಲಿ ಮೊಮ್ಮಗನ ಪಕ್ಕ ಕೂತು 1977ರ ಸ್ಟಾರ್ ವಾರ್ಸ್ ನೋಡಿದೆ. ಹುಡುಗನಿಗೆ ಹನ್ನೊಂದು ವರ್ಷ. ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್ ಬಿಳಿಗಡ್ಡದ ಓಬಿ-ವಾನ್ ಆಗಿ ತೆರೆ ಮೇಲೆ ಬಂದನೋ ಇಲ್ಲವೋ, "ತಾತಾ, ಈ ಮುದುಕ ಸಾಯ್ತಾನೆ" ಅಂತ ಮೊದಲೇ ಹೇಳಿಬಿಟ್ಟ. "ಈ ಮನುಷ್ಯ ಸಾಯೋದನ್ನ ನಾನೇನು ಹೊಸದಾಗಿ ನೋಡ್ತಿಲ್ಲ ಕಣೋ. 1949ರಲ್ಲಿ ಒಂದೇ ಪಿಚ್ಚರಿನಲ್ಲಿ ಎಂಟು ಸಲ ಸತ್ತಿದ್ದಾನೆ" ಅಂದೆ. ಬುರುಡೆ ಬಿಡ್ತಿದ್ದೀನಿ ಅಂದುಕೊಂಡ. ನೀವಾದ್ರೂ ನಂಬ್ತೀರಿ ಅಂತ ಇಲ್ಲಿಗೆ ಬಂದೆ.

ಆ ಪಿಚ್ಚರ್ ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್. ಲಂಡನ್ನಿನ ಈಲಿಂಗ್ ಸ್ಟುಡಿಯೋದ್ದು, ನಿರ್ದೇಶಕ ರಾಬರ್ಟ್ ಹೇಮರ್. ತಾಯಿಯನ್ನು ಮನೆಯಿಂದ ಹೊರಗಟ್ಟಿದ ಡ್ಯೂಕ್ ಮನೆತನದ ಮೇಲೆ ಮಗ ಹಗೆ ಸಾಧಿಸೋ ಕತೆ. ಪಟ್ಟಕ್ಕೆ ತನಗಿಂತ ಮುಂದೆ ಯಾರ್ಯಾರು ಸಾಲಿನಲ್ಲಿದ್ದಾರೋ ಅವರಲ್ಲಿ ಹೆಚ್ಚಿನವರನ್ನ ಬಲು ನಾಜೂಕಾಗಿ ಮುಗಿಸ್ತಾ ಬರ್ತಾನೆ. ಡ್ಯೂಕ್, ಬ್ಯಾಂಕರ್, ಪಾದ್ರಿ, ಜನರಲ್, ಅಡ್ಮಿರಲ್, ಇಬ್ಬರು ಪಡ್ಡೆ ಹುಡುಗರು, ಬಲೂನಿನಲ್ಲಿ ಹಾರಾಡ್ತಾ ಹೆಂಗಸರ ಮತದಾನದ ಹಕ್ಕಿಗೆ ಕರಪತ್ರ ಚೆಲ್ಲೋ ಲೇಡಿ ಅಗಾಥಾ, ಅಷ್ಟೂ ಜನ ಅಲೆಕ್ ಗಿನ್ನೆಸ್. ಮೊದಲು ಅವನಿಗೆ ಕೊಡಬೇಕು ಅಂತಿದ್ದಿದ್ದು ನಾಲ್ಕು ಪಾತ್ರ. ಸ್ಕ್ರಿಪ್ಟ್ ಓದಿ ಬಿದ್ದೂ ಬಿದ್ದೂ ನಕ್ಕು, ನಾಲ್ಕೇ ಯಾಕೆ, ಎಂಟೂ ನಾನೇ ಮಾಡ್ತೀನಿ ಅಂತ ಹೇಳಿ ಕಳಿಸಿದನಂತೆ.

ಅದರಲ್ಲೊಂದು ಶಾಟ್ ಇದೆ. ಚರ್ಚಿನಲ್ಲಿ ಸಾವಿನ ಪ್ರಾರ್ಥನೆ, ಆ ಮನೆತನದ ಆರು ಜನ ಒಂದೇ ಫ್ರೇಮಿನಲ್ಲಿ. ಛಾಯಾಗ್ರಾಹಕ ಡಗ್ಲಸ್ ಸ್ಲೋಕೋಂಬ್ ಕ್ಯಾಮೆರಾ ಮಿಸುಕಾಡದ ಹಾಗೆ ಬಿಗಿದು, ಲೆನ್ಸ್ ಮುಂದೆ ಒಬ್ಬನ ಜಾಗ ಮಾತ್ರ ತೆರೆದಿಟ್ಟು ಉಳಿದದ್ದನ್ನೆಲ್ಲ ಕಪ್ಪಾಗಿ ಮುಚ್ಚಿ ತೆಗೆದ. ಆಮೇಲೆ ಅದೇ ರೀಲನ್ನು ಫ್ರೇಮ್ ಎಣಿಸಿ ಹಿಂದಕ್ಕೆ ಸುತ್ತೋದು. ಗಿನ್ನೆಸ್ ಬಣ್ಣ ಅಳಿಸಿ, ಇನ್ನೊಂದು ಬಣ್ಣ ಹಚ್ಚಿಸಿಕೊಂಡು, ಬೇರೆ ಬಟ್ಟೆ ತೊಟ್ಟು ಬರೋವರೆಗೂ ಕಾಯೋದು. ಪಕ್ಕದ ಜಾಗ ತೆರೆದು ಮತ್ತೆ ತೆಗೆಯೋದು. ಹೀಗೆ ಆರು ಸಲ. ನಡುವೆ ಕ್ಯಾಮೆರಾ ಕೂದಲೆಳೆಯಷ್ಟು ಅಲ್ಲಾಡಿದ್ರೂ ಆರೂ ಜನ ಮಣ್ಣುಪಾಲು. ಯಾರಾದ್ರೂ ಎಡವಿ ಬಿದ್ದಾರು ಅಂತ ಸ್ಲೋಕೋಂಬ್ ರಾತ್ರಿ ಕ್ಯಾಮೆರಾ ಪಕ್ಕದಲ್ಲೇ ಮಲಗಿದ್ದ. ಇಪ್ಪತ್ತು ವರ್ಷ ಪ್ರೊಜೆಕ್ಟರ್ ಓಡಿಸಿದವನು ನಾನು. ತುಂಡಾದ ರೀಲನ್ನ ಅಂಟಿಸೋವಾಗಲೇ ಕೈ ನಡುಗ್ತಿತ್ತು, ಇನ್ನು ಇದು!

ನನಗಿರೋ ಕುತೂಹಲ ಒಂದೇ. ಇಷ್ಟೆಲ್ಲ ಮುಖ ತೋರಿಸಿದವನ ಸ್ವಂತ ಮುಖ ಯಾವುದು? ನಾನು ಇವನ ಹದಿನೈದು ಪಿಚ್ಚರ್ ನೋಡಿರಬಹುದು. ಬಸ್ಸಿನಲ್ಲಿ ಪಕ್ಕದ ಸೀಟಲ್ಲಿ ಕೂತಿದ್ರೂ ಗುರುತು ಹಿಡೀತಿರಲಿಲ್ಲ ಅನ್ಸುತ್ತೆ. ನಿಮಗೆ ಮೆಚ್ಚಿದ ಪಾತ್ರ ಯಾವುದು, ಬರೀರಿ. ಜಗಳ ಆದ್ರೂ ಪರವಾಗಿಲ್ಲ.

ಧಾರವಾಡ ಮಳಿ

ಎಂಟು ಅಂದ್ರ ಏನ್ ದೊಡ್ಡದ್ರೀ ಸರ? ಶಿವಾಜಿ ಗಣೇಶನ್ 1964ರಾಗ ನವರಾತ್ರಿಯೊಳಗ ಒಂಬತ್ತು ಮಾಡ್ಯಾರ. ಕಮಲ್ ಹಾಸನ್ 2008ರಾಗ ಹತ್ತು. ನಮ್ಮವರ ಲೆಕ್ಕದಾಗ ನಿಮ್ಮ ಗಿನ್ನೆಸ್ ಮೂರನೇ ನಂಬರ್.

ಅದಿರಲಿ. ಈ ಗಿನ್ನೆಸ್ ಅಂದ್ರ ಐರ್ಲೆಂಡಿನ ಕರೀ ಬಿಯರ್ ಮಾಡ್ತಾರಲ್ಲ, ಆ ಮನೆತನದಾವ ಏನು? ದಾಖಲೆ ಪುಸ್ತಕದ್ದೂ ಅದ ಹೆಸರಲ್ಲ?

ಬೇಸಿಂಗ್‌ಸ್ಟೋಕ್ ಭಟ್ಟ

ಪುಸ್ತಕಕ್ಕೂ ಬಿಯರಿಗೂ ಸಂಬಂಧ ಇದೆ. ಈ ಮನುಷ್ಯನಿಗೆ ಇತ್ತು ಅನ್ನೋದು ಬರೀ ಗುಸುಗುಸು, ಸಾಬೀತಾಗಿಲ್ಲ.

ಹುಟ್ಟಿದ್ದು 1914ರ ಏಪ್ರಿಲ್ 2ಕ್ಕೆ, ಲಂಡನ್ನಿನಲ್ಲಿ. ತಾಯಿ ಆಗ್ನೆಸ್ ಕಫ್, ಮದುವೆ ಆಗಿರಲಿಲ್ಲ. ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ಅಲೆಕ್ ಗಿನ್ನೆಸ್ ಅಂತ ಇದೆ, ಅಪ್ಪನ ಹೆಸರಿನ ಜಾಗ ಖಾಲಿ. ಶಾಲೆ ಫೀಸು ಕಟ್ಟುತ್ತಿದ್ದಿದ್ದು ಆಂಡ್ರ್ಯೂ ಗೆಡ್ಡೆಸ್ ಅನ್ನೋ ಸ್ಕಾಟಿಷ್ ಬ್ಯಾಂಕರ್. ಅವರೇ ಅಪ್ಪ ಇರಬೇಕು ಅಂತ ಗಿನ್ನೆಸ್ ನಂಬಿದ್ದರು, ಆದರೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಡುವೆ ತಾಯಿ ಸ್ಟಿವನ್ ಅನ್ನೋ ಸೇನಾಧಿಕಾರಿಯನ್ನು ಮದುವೆಯಾದಾಗ ಹುಡುಗ ಅಲೆಕ್ ಸ್ಟಿವನ್ ಆದ. ಹದಿನಾಲ್ಕು ತುಂಬುವುದರೊಳಗೆ ಮೂರು ಹೆಸರು. ವಾಸ ಅಂತೂ ಹೋಟೆಲು, ಬಾಡಿಗೆ ರೂಮು, ಬಾಕಿ ಉಳಿಸಿ ಇನ್ನೊಂದು ಬಾಡಿಗೆ ರೂಮು.

ನಿಮ್ಮ "ಸ್ವಂತ ಮುಖ" ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆಯೇನೋ. ಹೆಸರೇ ಒಂದು ವೇಷ ಆಗಿದ್ದವರು. 1985ರಲ್ಲಿ ಬರೆದ ಆತ್ಮಕತೆಗೆ ಇಟ್ಟ ಹೆಸರೂ ಬ್ಲೆಸ್ಸಿಂಗ್ಸ್ ಇನ್ ಡಿಸ್ಗೈಸ್, ವೇಷ ಹಾಕಿಕೊಂಡು ಬಂದ ವರಗಳು.

ಶಿಸ್ತಿನ ಸಿಪಾಯಿ

ಎಲ್ಲರಿಗೂ ಒಂದು ವಿನಂತಿ. 1959ರಲ್ಲೇ ಸರ್ ಪದವಿ ಪಡೆದ ಹಿರಿಯ ನಟರನ್ನು "ಅವನು, ಇವನು" ಎಂದು ಬರೆಯುವುದು ಸರಿಯೇ? ಭಟ್ಟರೊಬ್ಬರು ಮಾತ್ರ ಬಹುವಚನ ಬಳಸಿದ್ದಾರೆ.

ಹಳೇಪ್ರೊಜೆಕ್ಟರ್

ಸಿಪಾಯಿಯವರೇ, ನಾನು ದೇವರನ್ನೂ ಏಕವಚನದಲ್ಲೇ ಕರೆಯೋದು. ತೆರೆ ಮೇಲೆ ಇಷ್ಟು ವರ್ಷ ಜತೆಗಿದ್ದವನಿಗೆ ಬಹುವಚನ ಹಾಕಿದ್ರೆ ದೂರದ ನೆಂಟನ ಥರ ಆಗ್ತಾನೆ.

ಕುಡ್ಲದ ಬಂಗುಡೆ

ಏಕವಚನ ಬಹುವಚನ ಎಲ್ಲ ಆಮೇಲೆ ಮಾರಾಯ್ರೆ. ಆ ಧಾರವಾಡದವರ ಲೆಕ್ಕ ಸರಿ ಇಲ್ಲ. ಒಂಬತ್ತು ವೇಷ, ಹತ್ತು ವೇಷ ಮಾಡಿದವರು ಇದ್ದಾರೆ, ಇಲ್ಲ ಅಂತ ಅಲ್ಲ. ಆದ್ರೆ ಅಲ್ಲಿ ಎಲ್ಲ ವೇಷದ ಒಳಗೂ ಹೀರೋ ಕಾಣ್ತಾ ಇರ್ತಾನೆ, ಕಾಣಬೇಕು, ನಾವು ದುಡ್ಡು ಕೊಟ್ಟದ್ದೇ ಅದಕ್ಕೆ. ಗಿನ್ನೆಸ್ ಹಾಗಲ್ಲ. ಎಂಟರಲ್ಲಿ ಕೆಲವು ವೇಷಕ್ಕೆ ಎರಡೇ ನಿಮಿಷ. ಆ ಪಾದ್ರಿ ಉಂಟಲ್ಲ, ಊಟದ ಮೇಜಲ್ಲಿ ಕೂತು ಚರ್ಚಿನ ಕಿಟಕಿಯ ಕತೆ ಕೊರೀತಾನೆ. ನಮ್ಮ ಕಡೆ ಮದುವೆ ಮನೆಯಲ್ಲಿ ಇಂಥವರು ಪ್ರತಿ ಪಂಕ್ತಿಗೆ ಒಬ್ಬರು ಇರ್ತಾರೆ. ಕೊಂದವನ ಮೇಲೆ ನಂಗೆ ಸಿಟ್ಟೇ ಬರ್ಲಿಲ್ಲ.

ಸ್ಕೈವಾಕರ್ ಶಿಷ್ಯ

ಅಂಕಲ್‌ಗಳೇ, ಓಬಿ-ವಾನ್ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ? ಆ ಪಿಚ್ಚರ್‌ಗೆ ಸಹನಟ ಅಂತ ಆಸ್ಕರ್ ನಾಮಿನೇಷನ್ ಬಂದಿತ್ತು. ಅವರು ಇಲ್ದೇ ಇದ್ದಿದ್ರೆ ಅದು ಮಕ್ಕಳ ಆಟ ಆಗ್ತಿತ್ತು. ಆದ್ರೆ ಅವರಿಗೇ ಅದು ಇಷ್ಟ ಇರ್ಲಿಲ್ಲ ಅಂತ ಕೇಳಿ ಹೊಟ್ಟೆ ಉರೀತು. ನಿಜಾನಾ?

ಬೇಸಿಂಗ್‌ಸ್ಟೋಕ್ ಭಟ್ಟ

ನಿಜ. ಶೂಟಿಂಗ್ ಟೈಮಲ್ಲಿ ಗೆಳತಿಯೊಬ್ಬರಿಗೆ ಬರೆದ ಕಾಗದದಲ್ಲಿ ಸಂಭಾಷಣೆಯನ್ನು ಕಸ ಅಂತ ಬೈದುಕೊಂಡಿದ್ದಾರೆ. ಆದರೂ ವ್ಯವಹಾರದಲ್ಲಿ ಜಾಣರು. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಪಾಲಿನ ಲಾಭದಲ್ಲಿ ಶೇ 2 ಅಂತ ಒಪ್ಪಂದ. ಆಮೇಲೆ ಲ್ಯೂಕಾಸ್ ತಾನಾಗಿಯೇ ಇನ್ನೊಂದು ಕಾಲು ಸೇರಿಸಿದ, ಒಟ್ಟು ಶೇ 2.25. ಆ ಕಾಲು ಕಾಲು ಸೇರಿ ಮುಪ್ಪಿನವರೆಗೂ ಮನೆಗೆ ಬರ್ತಿತ್ತು.

ಅವರ ಕೊನೆಯ ಪುಸ್ತಕದಲ್ಲಿ ಒಂದು ಪ್ರಸಂಗ ಇದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ಹುಡುಗ ಬಂದು, ನಾನು ಸ್ಟಾರ್ ವಾರ್ಸನ್ನ ನೂರಕ್ಕೂ ಹೆಚ್ಚು ಸಲ ನೋಡಿದ್ದೀನಿ ಅಂದನಂತೆ. ನನಗೊಂದು ಮಾತು ಕೊಡ್ತೀಯಾ, ಇನ್ನು ಮೇಲೆ ಅದನ್ನ ನೋಡಬೇಡ ಅಂದರಂತೆ ಇವರು. ಹುಡುಗ ಗೊಳೋ ಅಂತ ಅತ್ತುಬಿಟ್ಟ.

ಸ್ಕೈವಾಕರ್ ಶಿಷ್ಯ

ನಾನು ಬರೀ ನಲವತ್ತು ಸಲ ನೋಡಿರೋದು. ಬಚಾವ್.

ಬಣ್ಣದ ಪೆಟ್ಟಿಗೆ

ಇಷ್ಟು ದಿನ ಸುಮ್ಮನೆ ಓದಿಕೊಂಡು ಹೋಗ್ತಿದ್ದೆ, ಇವತ್ತು ತಡೆಯೋಕಾಗಲಿಲ್ಲ. ನಾನು ನಾಟಕದ ತಂಡಗಳಿಗೆ ಪ್ರಸಾದನ ಮಾಡ್ತೀನಿ. ಗಿನ್ನೆಸ್ ನನಗೆ ಸಿಕ್ಕಿದ್ದು ಆ ದಾರಿಯಿಂದ.

1948ರ ಆಲಿವರ್ ಟ್ವಿಸ್ಟ್ ನೋಡಿ. ಎರಡೇ ವರ್ಷದ ಹಿಂದೆ, 1946ರಲ್ಲಿ, ಅದೇ ನಿರ್ದೇಶಕ ಡೇವಿಡ್ ಲೀನ್ ಅವರದೇ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್‌ನಲ್ಲಿ ಇದೇ ನಟ ಹರ್ಬರ್ಟ್ ಪಾಕೆಟ್ ಅನ್ನೋ ಎಳೆ ಮುಖದ ಹುಡುಗ. ಹುಡುಗರಿಗೆ ಜೇಬುಗಳ್ಳತನ ಕಲಿಸೋ ಯಹೂದಿ ಮುದುಕ ಫೇಗಿನ್ ಪಾತ್ರ ನಾನೇ ಮಾಡ್ತೀನಿ ಅಂದಾಗ ಲೀನ್ ನಗಾಡಿದ್ದು ಸಹಜ. ಒಂದೇ ಒಂದು ಮೇಕಪ್ ಟೆಸ್ಟ್ ಕೊಡಿ ಅಂತ ದುಂಬಾಲು ಬಿದ್ದು, ವೇಷ ಹಾಕಿಕೊಂಡು ಎದುರು ನಿಂತ. ಲೀನ್ ಮರುಮಾತಾಡಲಿಲ್ಲ. ಮೂವತ್ತಮೂರು ಮೂವತ್ತನಾಲ್ಕರ ಹರೆಯದವನು, ನೋಡಿದರೆ ಎಪ್ಪತ್ತರ ಮುದುಕ. ಬಣ್ಣ ಹಚ್ಚಿದ್ದು ಸ್ಟುವರ್ಟ್ ಫ್ರೀಬಾರ್ನ್. ಶಿಷ್ಯರೇ, ನಿಮಗೆ ಈ ಹೆಸರು ಗೊತ್ತಿರಬೇಕು: ಸ್ಟಾರ್ ವಾರ್ಸಿನ ಚ್ಯೂಬಾಕಾ, ಯೋಡಾ ಮಾಡಿದ ಕೈ ಇದೇ!

ಆದರೆ ಆ ಮೂಗು. ಪುಸ್ತಕದ ಹಳೆಯ ಚಿತ್ರಗಳಲ್ಲಿ ಕ್ರೂಕ್‌ಶಾಂಕ್ ಬರೆದ ಹಾಗೇ ಇರಲಿ ಅಂತ ಮಾಡಿದ ಉದ್ದ ಕೊಕ್ಕೆ ಮೂಗು ಯಹೂದಿಗಳ ಹೀಯಾಳಿಕೆಯಾಗಿ ಕಂಡಿತು. ಹಿಟ್ಲರ್ ಸತ್ತು ಮೂರೇ ವರ್ಷ. 1949ರಲ್ಲಿ ಬರ್ಲಿನ್‌ನಲ್ಲಿ ಗಲಭೆಯಾಯ್ತು, ಅಮೆರಿಕದಲ್ಲಿ 1951ರವರೆಗೆ ಬಿಡುಗಡೆಯೇ ಆಗಲಿಲ್ಲ, ಆದಾಗಲೂ ಫೇಗಿನ್ ಶಾಟ್‌ಗಳಿಗೆ ಕತ್ತರಿ. ನನ್ನ ಕಸುಬಿನವರಿಗೆ ಇದು ಪಾಠ. ಚಿತ್ರದಲ್ಲಿರೋ ಹಾಗೇ ಮಾಡಿದೆ ಅಂದರೆ ತಪ್ಪಿಸಿಕೊಂಡ ಹಾಗಾಗಲ್ಲ. ನಾವು ಅಂಟಿಸೋ ಮೂಗಿಗೆ ನಾವೇ ಜವಾಬ್ದಾರರು.

ಧಾರವಾಡ ಮಳಿ

ಅಕ್ಕಾರ, ಛಲೋ ಬರದೀರಿ. ಮೂರನೇ ನಂಬರ್ ಅಂದಿದ್ದು ವಾಪಸ್ ತಗೊಂಡೆ. ಆದ್ರ ಪೂರಾ ಅಲ್ಲ.

ಇಂವಾ ಕಲತದ್ದು ಎಲ್ಲೆ? ಹುಟ್ಟಾ ಕಲಾವಿದನ?

ಬೇಸಿಂಗ್‌ಸ್ಟೋಕ್ ಭಟ್ಟ

ಮೊದಲು ಜಾಹೀರಾತು ಕಂಪನಿಯಲ್ಲಿ ಕಾಪಿ ಬರೆಯೋ ಗುಮಾಸ್ತ. ನಟ ಆಗ್ಬೇಕು ಅಂತ ಹೆಸರಾಂತ ರಂಗನಟ ಜಾನ್ ಗಿಲ್ಗುಡ್ ಹತ್ತಿರ ಸಲಹೆ ಕೇಳಿದಾಗ ಮಾರ್ಟಿಟಾ ಹಂಟ್ ಅನ್ನೋ ನಟಿಯ ಬಳಿಗೆ ಪಾಠಕ್ಕೆ ಕಳಿಸಿದರು. ಆಕೆ ಕೆಲವು ಪಾಠದ ಮೇಲೆ, ನಿನ್ನ ಕೈಲಿ ಆಗಲ್ಲ ಅಂತ ಕೈಚೆಲ್ಲಿದವರು. ತಮಾಷೆ ನೋಡಿ, ಮೇಲೆ ಅಕ್ಕ ಹೇಳಿದ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್‌ನಲ್ಲಿ ಜೇಡರಬಲೆ ಕಟ್ಟಿದ ಮದುವೆ ಕೇಕಿನ ಮುಂದೆ ಕೂರೋ ಮಿಸ್ ಹ್ಯಾವಿಶಮ್ ಅವರೇ. ಗುರು ಶಿಷ್ಯ ಒಂದೇ ಪಿಚ್ಚರಿನಲ್ಲಿ.

1934ರಲ್ಲಿ ಗಿಲ್ಗುಡ್ ಹ್ಯಾಮ್ಲೆಟ್‌ನಲ್ಲಿ ಆಸ್ರಿಕ್ ಅನ್ನೋ ಚಿಕ್ಕ ಪಾತ್ರ, 1938ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಇವರೇ ಹ್ಯಾಮ್ಲೆಟ್. ಅದೇ ವರ್ಷ ಮೆರುಲಾ ಸಲಮನ್ ಜತೆ ಮದುವೆ. ಯುದ್ಧ ಬಂತು, ನೌಕಾಪಡೆ. 1943ರಲ್ಲಿ ಸಿಸಿಲಿ ಮೇಲೆ ದಾಳಿಗೆ ಸೈನಿಕರನ್ನು ದಡಕ್ಕೆ ಇಳಿಸೋ ದೋಣಿಯ ಕಮಾಂಡರ್. ಹೊತ್ತು ಮುಂದೂಡಿದ ಸುದ್ದಿ ತಲುಪದೇ, ಎಲ್ಲರಿಗಿಂತ ಮೊದಲು ಒಬ್ಬರೇ ಹೋಗಿ ದಡ ಮುಟ್ಟಿದ್ದರು.

ಮಾಗಡಿ ರೋಡು

ಸಾರ್, ಇಂಗ್ಲೆಂಡ್ ಕತೆ ಸಾಕು, ನಮ್ಮೂರಿಗೆ ಬನ್ನಿ. ಗಿನ್ನೆಸ್ ಇರೋ ಎ ಪ್ಯಾಸೇಜ್ ಟು ಇಂಡಿಯಾ ಪಿಚ್ಚರ್ ಶೂಟಿಂಗ್ ನಡೆದಿದ್ದು ನಮ್ಮ ಸಾವನದುರ್ಗದಲ್ಲಿ, ರಾಮನಗರದ ಬಂಡೆಗಳಲ್ಲಿ, ಬೆಂಗಳೂರಲ್ಲಿ. 83-84ರಲ್ಲಿ. ಕತೆಯಲ್ಲಿ ಬರೋ ಮರಾಬಾರ್ ಗುಹೆ ಬಿಹಾರದ್ದು ಅಂತಾರೆ, ತೋರಿಸಿದ್ದು ನಮ್ಮ ಬಂಡೆ. ಗುಹೆ ಬಾಯಿ ಇವರೇ ಕೊರೆಸಿದ್ದು. ನಮ್ಮಪ್ಪ ಆಗ ಹೈಸ್ಕೂಲು. ಸೈಕಲ್ ತುಳ್ಕೊಂಡು ಹೋಗಿ ದೂರದಿಂದ ನೋಡಿದ್ರಂತೆ. ಆನೆ, ಕೊಡೆ, ಬಿಳೀ ಟೋಪಿ ಹಾಕಿದ್ದ ದೊರೆಸಾನೀರು. ಗಿನ್ನೆಸ್ಸನ್ನೂ ನೋಡಿರ್ಬೇಕು ಅಂತ ನಾನು ಎಲ್ಲಾರ್ ಹತ್ರನೂ ಹೇಳ್ಕೊಂಡು ತಿರುಗ್ತೀನಿ.

ಹಳೇಪ್ರೊಜೆಕ್ಟರ್

ನಿಮ್ಮ ಹೆಮ್ಮೆಗೆ ಕಲ್ಲು ಹಾಕೋಕೆ ಬೇಜಾರು ತಮ್ಮಾ. ಕತೆ ಪ್ರಕಾರ ಗಿನ್ನೆಸ್ ಆ ಗುಹೆಗೆ ಹೋಗೋದೇ ಇಲ್ಲ. ಅವನ ಪಾತ್ರ ಪ್ರೊಫೆಸರ್ ಗೋಡ್‌ಬೋಲೆ, ಪೂಜೆ ಪುನಸ್ಕಾರ ಅಂತ ತಡ ಮಾಡಿ ರೈಲು ತಪ್ಪಿಸಿಕೊಳ್ಳೋ ಬ್ರಾಹ್ಮಣ. ಅಪ್ಪ ನೋಡಿದ ಆನೆ ಮಾತ್ರ ಅಸಲಿ.

ಮಾಗಡಿ ರೋಡು

ಅಯ್ಯೋ. ಹೋಗ್ಲಿ ಬಿಡಿ, ಇಪ್ಪತ್ತು ವರ್ಷದಿಂದ ಹೇಳ್ಕೊಂಡು ಬಂದಿದ್ದೆ.

ಶಿಸ್ತಿನ ಸಿಪಾಯಿ

ಆ ಪಾತ್ರವನ್ನೇ ನಾನು ಪ್ರಸ್ತಾಪಿಸಬೇಕೆಂದಿದ್ದೆ. ವಿಕ್ಟರ್ ಬ್ಯಾನರ್ಜಿ, ರೋಶನ್ ಸೇಠ್, ಸಯೀದ್ ಜಾಫ್ರಿ ಎಲ್ಲರೂ ಇರುವ ಚಿತ್ರದಲ್ಲಿ ಬ್ರಾಹ್ಮಣನ ಪಾತ್ರಕ್ಕೆ ಇಂಗ್ಲಿಷ್ ನಟನಿಗೆ ಕಂದು ಬಣ್ಣ ಬಳಿಯುವ ಅಗತ್ಯವೇನಿತ್ತು? ಅಷ್ಟು ದೊಡ್ಡ ಕಲಾವಿದರು ಒಪ್ಪಬಾರದಿತ್ತು.

ಬಣ್ಣದ ಪೆಟ್ಟಿಗೆ

ಸಿಪಾಯಿಯವರ ಮಾತು ಒಪ್ಪುತ್ತೇನೆ, ಆದರೆ ಕಾರಣ ಬೇರೆ. 1962ರ ಲಾರೆನ್ಸ್ ಆಫ್ ಅರೇಬಿಯಾದಲ್ಲೂ ಇವರದು ಕಂದು ಬಣ್ಣವೇ, ರಾಜಕುಮಾರ ಫೈಸಲ್. ಇವತ್ತಿನ ಕಣ್ಣಿಗೆ ಅದೂ ತಪ್ಪೇ. ಆದರೆ ಅಲ್ಲಿ ಕೂತ ಠೀವಿ, ಮಾತಿನ ನಡುವೆ ಬಿಡೋ ಮೌನ, ಎದುರಿಗಿರೋ ಇಂಗ್ಲಿಷರನ್ನು ತೂಗಿ ನೋಡೋ ಆ ಅರೆಗಣ್ಣು, ಇವೆಲ್ಲ ಬಣ್ಣವನ್ನು ಮರೆಸಿಬಿಡುತ್ತವೆ. ಗೋಡ್‌ಬೋಲೆಯಲ್ಲಿ ಬಣ್ಣ ಮಾತ್ರ ಕಾಣುತ್ತೆ. ಪೇಟ ಕೂತಿದೆ, ಮನುಷ್ಯ ಕೂತಿಲ್ಲ. ಇಂಥ ಹಿರಿಯರು ನಮ್ಮ ಅಗ್ರಹಾರದ ಜಗಲಿಗಳಲ್ಲಿ ಹೇಗೆ ಕೂರ್ತಾರೆ, ಹೇಗೆ ಕೆಮ್ಮಿ ಮಾತು ಶುರು ಮಾಡ್ತಾರೆ ಅಂತ ನೋಡಿದವರಿಗೆ ಅದು ಬೊಂಬೆ ಅನ್ನಿಸುತ್ತೆ. ಬೇರೆಯವರ ನಡಿಗೆ ಕದಿಯೋದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡವರು ಇಲ್ಲಿ ಯಾರ ನಡಿಗೆಯನ್ನೂ ಕದ್ದಿಲ್ಲ.

ಬೇಸಿಂಗ್‌ಸ್ಟೋಕ್ ಭಟ್ಟ

ಅವರಿಗೂ ಆ ಪಾತ್ರ ಸಮಾಧಾನ ಕೊಡಲಿಲ್ಲ. ಕಷ್ಟಪಟ್ಟು ಕಲಿತ ಒಂದು ಕುಣಿತದ ದೃಶ್ಯ ಇತ್ತು, ಲೀನ್ ಎಡಿಟಿಂಗ್‌ನಲ್ಲಿ ತೆಗೆದುಹಾಕಿದರು. ನೊಂದುಕೊಂಡರು. ಇಬ್ಬರೂ ಒಟ್ಟಿಗೆ ಮಾಡಿದ ಆರನೇ ಚಿತ್ರ ಅದು, ಲೀನ್ ಅವರಿಗೂ ಕೊನೆಯದು.

ಕುಡ್ಲದ ಬಂಗುಡೆ

ನಡಿಗೆ ಅಂದ್ರಲ್ಲ ಅಕ್ಕ, ಅದಕ್ಕೆ ನಾನು ಬಂದೆ. ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್ ನೋಡಿದ್ದೀರಲ್ಲ? 1957, ಸಿಲೋನಿನ ಕಾಡಲ್ಲಿ ತೆಗೆದದ್ದು. ಗಿನ್ನೆಸ್ ಅದರಲ್ಲಿ ಕರ್ನಲ್ ನಿಕೋಲ್ಸನ್, ಯುದ್ಧದಲ್ಲಿ ಸೆರೆ ಸಿಕ್ಕಿದ ಇಂಗ್ಲಿಷ್ ಅಧಿಕಾರಿ. ಜಪಾನಿನವರು ಅವನನ್ನು ತಗಡಿನ ಗೂಡಲ್ಲಿ ಕೂಡಿ ಹಾಕ್ತಾರೆ. ಹೊರಗೆ ಬಿಡುವಾಗ ಅವನು ನಡೀಲಿಕ್ಕೆ ನೋಡ್ತಾನೆ. ಬೆನ್ನು ನೆಟ್ಟಗೆ ಉಂಟು, ಸೊಂಟದಿಂದ ಕೆಳಗೆ ಅವನ ಮಾತು ಕೇಳ್ತಾ ಇಲ್ಲ. ಒಂದು ಕಾಲು ಎಲ್ಲಿಗೋ ಹೋಗ್ತದೆ, ಇನ್ನೊಂದನ್ನು ಅವನೇ ಎಳ್ಕೊಂಡು ಬರ್ತಾನೆ. ಆದ್ರೂ ಮುಖದಲ್ಲಿ ಪರೇಡ್! ಸಣ್ಣದಿರುವಾಗ ನೋಡಿ ನಾವು ಶಾಲೆ ಗ್ರೌಂಡಲ್ಲಿ ಹಾಗೆ ನಡೆದು ತಮಾಷೆ ಮಾಡ್ತಿದ್ವು.

ಆಮೇಲೆ ಗೊತ್ತಾಯ್ತು, ಆ ನಡಿಗೆ ಅವನ ಮಗನದ್ದು ಅಂತ. ಮ್ಯಾಥ್ಯೂ ಅಂತ ಒಬ್ಬನೇ ಮಗ, ಹನ್ನೊಂದು ವರ್ಷಕ್ಕೆ ಪೋಲಿಯೋ. ಸೊಂಟದ ಕೆಳಗೆ ಬಲ ಹೋಗಿತ್ತು. ಹುಷಾರಾಗುವಾಗ ಆ ಹುಡುಗ ಹೇಗೆ ನಡೀಲಿಕ್ಕೆ ಕಲಿತನೋ ಅದನ್ನೇ ಅಪ್ಪ ಕ್ಯಾಮೆರಾ ಎದುರು ತಂದದ್ದು. ಅದು ಗೊತ್ತಾದ ಮೇಲೆ ನಾನು ಆ ಸೀನನ್ನು ಎರಡು ಸಲ ಮಾತ್ರ ನೋಡಿದ್ದು.

ಹಳೇಪ್ರೊಜೆಕ್ಟರ್

ಅದಕ್ಕೇ ಆಸ್ಕರ್ ಬಂದಿದ್ದು, ಶ್ರೇಷ್ಠ ನಟ. ಮೊದಲು ಆ ಪಾತ್ರ ಬೇಡ ಅಂದಿದ್ದ. ಶೂಟಿಂಗ್ ತುಂಬಾ ಲೀನ್ ಜತೆ ಕಿತ್ತಾಟ. ಕರ್ನಲ್‌ನನ್ನ ಸ್ವಲ್ಪ ನಗು ಬರೋ ಹಾಗೆ ಮಾಡೋಣ ಅಂತ ಇವನು, ಬೇಡ ಅಂತ ಅವನು. ನೋಡಿದ್ರೆ ಇಬ್ಬರೂ ಗೆದ್ದಿದ್ದಾರೆ. ಆ ಕರ್ನಲ್ ಅರ್ಧ ಹುಚ್ಚ, ಅರ್ಧ ನಮ್ಮ ಹಳೇ ಹೆಡ್‌ಮಾಸ್ಟರ್. ಶತ್ರುವಿಗೆ ಸೇತುವೆ ಕಟ್ಟಿಕೊಡ್ತಿದ್ದೀನಿ ಅನ್ನೋದೇ ಮರೆತು, ಮರ ಯಾವುದು, ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ ಲೆಕ್ಕ ಹಾಕ್ತಾನಲ್ಲ!

ಬಣ್ಣದ ಪೆಟ್ಟಿಗೆ

ಬಂಗುಡೆಯವರೇ, ಆ ಮಗನ ಕಾಯಿಲೆಗೆ ಇನ್ನೊಂದು ಎಳೆ ಇದೆ. 1954ರ ಫಾದರ್ ಬ್ರೌನ್ ಚಿತ್ರಕ್ಕೆ ಫ್ರಾನ್ಸಿನ ಬರ್ಗಂಡಿಯಲ್ಲಿ ಶೂಟಿಂಗ್. ಪಾದ್ರಿ ಪಾತ್ರ. ಸಂಜೆ ಶೂಟಿಂಗ್ ಮುಗಿದ ಮೇಲೆ ನಿಲುವಂಗಿ ಕಳಚದೇ ತಂಗಿದ್ದ ಜಾಗಕ್ಕೆ ನಡೆದು ಹೋಗ್ತಿದ್ದಾರೆ. ಹಿಂದಿನಿಂದ ಪುಟ್ಟ ಪಾದಗಳ ಸದ್ದು. ಒಬ್ಬ ಚಿಕ್ಕ ಹುಡುಗ ಓಡಿ ಬಂದು ಕೈ ಹಿಡ್ಕೊಂಡ. "ಮೋಂ ಪೇರ್," ನನ್ನ ಫಾದರೇ, ಅಂತ ಕರೆದು, ಕೈ ತೂಗಾಡಿಸ್ತಾ, ಅದೇನೇನೋ ವಟವಟ ಅಂತ ಹೇಳ್ತಾ ಜತೆಗೆ ಬಂದ. ಇವರ ಫ್ರೆಂಚ್ ಅಷ್ಟಕ್ಕಷ್ಟೇ. ಬಾಯಿ ತೆರೆದರೆ ಮಗು ಹೆದರೀತು ಅಂತ ಉಸಿರು ಬಿಡದೇ ನಡೆದರು. ಸ್ವಲ್ಪ ದೂರ ಬಂದು, ಹುಡುಗ ಒಂದು ನಮಸ್ಕಾರ ಹೇಳಿ ಬೇಲಿಯ ಸಂದಿಯಲ್ಲಿ ನುಸುಳಿ ಮಾಯ.

ಇದು ಬರೀ ಬಟ್ಟೆ ಅಂತ ಆ ಮಗುವಿಗೆ ಗೊತ್ತಿಲ್ಲ. ಆದರೆ ಆ ಬಟ್ಟೆಯನ್ನು ನಂಬಿತು. ಮಗ ಹಾಸಿಗೆ ಹಿಡಿದಾಗ ದಿನಾ ಸಂಜೆ ಕ್ಯಾಥೊಲಿಕ್ ಚರ್ಚೊಂದರಲ್ಲಿ ಒಬ್ಬರೇ ಹೋಗಿ ಕೂರ್ತಿದ್ದರು. 1956ರಲ್ಲಿ ಕ್ಯಾಥೊಲಿಕ್ ಆದರು.

ಕುಡ್ಲದ ಬಂಗುಡೆ

ಇದು ನಮಗೆ ಹೊಸತಲ್ಲ ಅಕ್ಕ. ದೇವಿ ಮಹಾತ್ಮೆ ಆಟದಲ್ಲಿ ದೇವಿ ವೇಷದವರು ಬರುವಾಗ ನನ್ನ ಅಜ್ಜಿ ಎದ್ದು ನಿಂತು ಕೈ ಮುಗಿಯುದು. ಆ ವೇಷದವರು ಹಗಲು ನಮ್ಮ ಅಂಗಡಿಗೇ ಬೀಡಿ ತಕೊಳ್ಳಿಕ್ಕೆ ಬರ್ತಿದ್ರು, ಅಜ್ಜಿಗೆ ಅದೂ ಗೊತ್ತುಂಟು. ಎರಡೂ ಒಟ್ಟಿಗೆ ಗೊತ್ತಿರ್ತದೆ.

ಧಾರವಾಡ ಮಳಿ

ಛಲೋ ಹೇಳಿದ್ರಿ. ಈಗ ಯಾರರ ನನಗ ಒಂದು ಹೇಳ್ರಿ. ಮೂಗು ಇಲ್ಲ, ಗಡ್ಡ ಇಲ್ಲ, ಬಣ್ಣ ಇಲ್ಲ, ಹಂಗ ಬರೇ ಮನುಷ್ಯಾ ಆಗಿ ನಿಂತ ಪಾತ್ರ ಇಲ್ಲೇನು ಇವಂದು?

ಬಣ್ಣದ ಪೆಟ್ಟಿಗೆ

ಇದೇ ಪ್ರಶ್ನೆಗೆ ಕಾಯ್ತಿದ್ದೆ. ಜಾರ್ಜ್ ಸ್ಮೈಲಿ. 1979ರಲ್ಲಿ ಬಿಬಿಸ್ಸಿ ಧಾರಾವಾಹಿ ಟಿಂಕರ್ ಟೈಲರ್ ಸೋಲ್ಜರ್ ಸ್ಪೈ, ಏಳು ಕಂತು.

ಮನೆಗೆ ಕಳಿಸಿದ ಗೂಢಚಾರನನ್ನ ವಾಪಸ್ ಕರೆದು, ನಮ್ಮ ಕಚೇರಿಯಲ್ಲೇ ಒಬ್ಬ ದ್ರೋಹಿ ಇದ್ದಾನೆ, ಹುಡುಕು ಅಂತಾರೆ. ಅವನ ಕೆಲಸ ಕೂತು ಕೇಳೋದು. ಎದುರಿಗಿರೋವರು ಹತ್ತು ನಿಮಿಷ ಮಾತಾಡ್ತಾರೆ, ಇವರು ಕನ್ನಡಕ ತೆಗೆದು ಟೈ ತುದಿಯಲ್ಲಿ ಒರೆಸ್ತಾರೆ, ಮತ್ತೆ ಹಾಕ್ಕೋತಾರೆ. ಕನ್ನಡಕ ಇಲ್ಲದ ಆ ಎರಡು ಸೆಕೆಂಡಿನಲ್ಲಿ ಕಣ್ಣು ಬೆತ್ತಲೆ, ಒಬ್ಬ ಸೋತ ಗಂಡ ಕಾಣ್ತಾನೆ. ಹಾಕ್ಕೊಂಡ ಕೂಡಲೇ ಪೊಲೀಸು. ನನ್ನ ಇಡೀ ಪೆಟ್ಟಿಗೆಯಲ್ಲಿರೋ ಬಣ್ಣ ಮಾಡಲಾಗದ ಕೆಲಸ ಅದು. ನಾಟಕದ ಹುಡುಗರಿಗೆ ನಾನು ಇದನ್ನೇ ತೋರಿಸೋದು. ಮೀಸೆ ಅಂಟಿಸು ಅಕ್ಕಾ ಅಂತ ಬರೋರಿಗೆ, ಮೊದಲು ಕನ್ನಡಕ ಒರೆಸೋದು ಕಲಿ ಅಂತೀನಿ.

ಬೇಸಿಂಗ್‌ಸ್ಟೋಕ್ ಭಟ್ಟ

ಪಾತ್ರ ಒಪ್ಪೋಕೆ ಮುಂಚೆ, ನಿಮ್ಮ ಕಾದಂಬರಿಯ ಸ್ಮೈಲಿ ಗಿಡ್ಡ, ದಪ್ಪ, ನಾನು ಹಾಗಿಲ್ಲವಲ್ಲ ಅಂತ ಲೇಖಕ ಜಾನ್ ಲೆ ಕಾರೆಗೆ ಕಾಗದ ಬರೆದಿದ್ದರು. ನಿಜವಾದ ಗೂಢಚಾರನನ್ನು ನೋಡಬೇಕು ಅಂತ ಆಸೆಪಟ್ಟಿದ್ದಕ್ಕೆ ಲೆ ಕಾರೆ, ಬ್ರಿಟಿಷ್ ಗುಪ್ತಚರ ಸಂಸ್ಥೆಯ ನಿವೃತ್ತ ಮುಖ್ಯಸ್ಥ ಮಾರಿಸ್ ಓಲ್ಡ್‌ಫೀಲ್ಡ್ ಅವರನ್ನು ಊಟಕ್ಕೆ ಕರೆಸಿದರು. ಓಲ್ಡ್‌ಫೀಲ್ಡ್ ಮಾತಾಡ್ತಿದ್ದರೆ ಗಿನ್ನೆಸ್ ಕಣ್ಣು ಅವರ ಅಂಗಿಯ ಕೈಗುಂಡಿ ಮೇಲೆ, ಬೂಟಿನ ಮೇಲೆ.

1982ರಲ್ಲಿ ಮುಂದಿನ ಭಾಗ ಬಂತು, ಸ್ಮೈಲೀಸ್ ಪೀಪಲ್. ಶಿಷ್ಯರೇ, ಕೊನೆಯಲ್ಲಿ ಬರ್ಲಿನ್ ಸೇತುವೆ ದಾಟಿ ಬರೋ ರಷ್ಯದ ಗೂಢಚಾರ ಕಾರ್ಲಾ ಯಾರು ಗೊತ್ತಾ? ಪ್ಯಾಟ್ರಿಕ್ ಸ್ಟೂವರ್ಟ್. ಒಂದೂ ಮಾತಿಲ್ಲ.

ಸ್ಕೈವಾಕರ್ ಶಿಷ್ಯ

ಏನು!! ಓಬಿ-ವಾನ್ ಎದುರು ಸ್ಟಾರ್ ಟ್ರೆಕ್ ಕ್ಯಾಪ್ಟನ್!! ಇದನ್ನ ಯಾಕೆ ಯಾರೂ ಮೊದಲೇ ಹೇಳ್ಲಿಲ್ಲ? ಇವತ್ತು ರಾತ್ರಿನೇ ಶುರು.

ಹಳೇಪ್ರೊಜೆಕ್ಟರ್

ಕನ್ನಡಕದ ಮಾತಿಗೆ ನನ್ನ ಪ್ರಶ್ನೆ ಮುಗೀತು ಅಂತ ಇಟ್ಕೊಳ್ಳಿ. ಆದ್ರೂ ಎಂಟು ಜನರನ್ನ ನಾನು ಬಿಟ್ಟುಕೊಡಲ್ಲ.

ಬೇಸಿಂಗ್‌ಸ್ಟೋಕ್ ಭಟ್ಟ

ಕೊನೆಗೊಂದು. ನಾನಿರೋ ಹ್ಯಾಂಪ್‌ಶೈರ್‌ನಲ್ಲೇ ಪೀಟರ್ಸ್‌ಫೀಲ್ಡ್ ಅಂತ ಊರಿದೆ. ಅದರ ಹತ್ತಿರವೇ ಅವರ ಮನೆ ಇದ್ದಿದ್ದು. 2000ದ ಆಗಸ್ಟ್ 5ಕ್ಕೆ ತೀರಿಕೊಂಡರು, 86 ವರ್ಷ. ಅರವತ್ತೆರಡು ವರ್ಷ ಜತೆಗಿದ್ದ ಮೆರುಲಾ ಎರಡೇ ತಿಂಗಳಿಗೆ ಹಿಂದೆಯೇ ಹೋದರು. ಹೋದ ವರ್ಷ ಪೀಟರ್ಸ್‌ಫೀಲ್ಡ್ ಸ್ಮಶಾನಕ್ಕೆ ಹೋಗಿದ್ದೆ. ಮಳೆ. ಸಮಾಧಿ ಹುಡುಕೋಕೆ ಮುಕ್ಕಾಲು ಗಂಟೆ ಹಿಡೀತು. ಅದರ ಮುಂದೆಯೇ ಎರಡು ಸಲ ಹಾದು ಹೋಗಿದ್ದೆ.

ಮಾಗಡಿ ರೋಡು

ಸಾರ್, ನಿನ್ನೆ ಅಪ್ಪನ್ನ ಕೂರಿಸ್ಕೊಂಡು ಪ್ಯಾಸೇಜ್ ಟು ಇಂಡಿಯಾ ಹಾಕಿದೆ. ನಲವತ್ತು ವರ್ಷದಲ್ಲಿ ಒಂದು ಸಲಾನೂ ನೋಡಿರ್ಲಿಲ್ಲ ಅವರು. ಬಂಡೆ ಬಂದಾಗ ಎದ್ದು ನಿಂತು ಟೀವಿ ಮೇಲೆ ಬೆರಳಿಟ್ಟು, "ನಮ್ಮ ಬೆಟ್ಟ ಕಣ್ಲಾ ಇದು, ಇಲ್ಲೇ ಸೈಕಲ್ ಒರಗಿಸಿದ್ದೆ" ಅಂದ್ರು. ಅಲ್ಲಿರೋ ಒಂದೊಂದು ಕಲ್ಲೂ ಗುರುತು ಸಿಕ್ತು.

ಗೋಡ್‌ಬೋಲೆ ಬಂದಾಗ ಪಾಜ್ ಮಾಡಿ ಕೇಳ್ದೆ, ಯಾರಪ್ಪ ಇವ್ರು ಹೇಳು ನೋಡೋಣ ಅಂತ. ತುಂಬಾ ಹೊತ್ತು ನೋಡಿದ್ರು. "ಯಾರೋ ಅಯ್ನೋರು. ಈ ಕಡೇರಲ್ಲ" ಅಂದ್ರು.